ದೇವರ ಹೆಸರು ಬರೆದ ಬಗೆಗಳು: ನೈಲ್ ದಂಡೆಯ ಗೋಡೆಗಳ ಮುಂದೆ

ಭಾನುವಾರ: ಸಕ್ಕಾರಾ, ಮೆಂಫಿಸ್

ಈ ಪ್ರವಾಸಕ್ಕೆ ಗೊತ್ತುಮಾಡಿಕೊಂಡ ಉದ್ದೇಶ ಚಿಕ್ಕದು. ಪ್ರಾಚೀನ ಈಜಿಪ್ಟಿನ ಲಿಪಿಕಾರರು ತಮ್ಮ ದೇವರುಗಳ ಹೆಸರನ್ನು ಯಾವ ಕಾಲದಲ್ಲಿ, ಯಾವ ಊರಿನಲ್ಲಿ, ಯಾವ ಯಾವ ಚಿಹ್ನೆಗಳಿಂದ ಬರೆದರು ಎಂಬುದನ್ನು ಗೋಡೆಯ ಮುಂದೆಯೇ ನಿಂತು ನೋಡಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ಮನೆಯಲ್ಲಿ ಕುಳಿತು ಚಿತ್ರಲಿಪಿಯ ವ್ಯಾಕರಣವನ್ನು ಅಭ್ಯಾಸ ಮಾಡಿದವರಿಗೆ ಒಂದು ಸಂಗತಿ ಬೇಗನೆ ತಿಳಿಯುತ್ತದೆ: ಈ ಬರವಣಿಗೆಯಲ್ಲಿ ಒಂದು ಪದಕ್ಕೆ ಒಂದೇ ಕಾಗುಣಿತವೆಂಬುದು ಇಲ್ಲ. ಸ್ವರಗಳನ್ನು ಬರೆಯುವುದಿಲ್ಲ, ವ್ಯಂಜನಗಳನ್ನು ಒಂದೊಂದಾಗಿಯೂ ಬರೆಯಬಹುದು, ಎರಡು ಮೂರು ವ್ಯಂಜನಗಳನ್ನು ಒಟ್ಟಿಗೆ ಸೂಚಿಸುವ ಒಂದೇ ಚಿಹ್ನೆಯಿಂದಲೂ ಬರೆಯಬಹುದು, ವಸ್ತುವಿನ ಚಿತ್ರವನ್ನೇ ಇಟ್ಟು ಸುಮ್ಮನಾಗಲೂ ಬಹುದು, ಕೊನೆಯಲ್ಲಿ, ಇದು ದೇವರ ಹೆಸರು, ಇದು ಊರಿನ ಹೆಸರು ಎಂದು ತಿಳಿಸುವ, ಉಚ್ಚಾರವಿಲ್ಲದ ನಿರ್ಣಾಯಕ ಚಿಹ್ನೆಯೊಂದನ್ನು ಸೇರಿಸಬಹುದು, ಬಿಡಲೂಬಹುದು. ಸಾಮಾನ್ಯ ಪದಗಳಲ್ಲಿ ಈ ಸ್ವಾತಂತ್ರ್ಯ ಬರೆಯುವವನ ಅನುಕೂಲಕ್ಕೆ ಒದಗುತ್ತದೆ. ದೇವರ ಹೆಸರಿನ ಮಾತು ಬಂದಾಗ ಮಾತ್ರ ಭಕ್ತಿ, ಭಯ, ರಾಜಕೀಯ, ವಿದ್ವತ್ತಿನ ಗರ್ವ ಎಲ್ಲವೂ ಅದರೊಳಗೆ ಬಂದು ಸೇರಿಕೊಳ್ಳುತ್ತವೆ.

ಆದಿಯಿಂದಲೇ ಆರಂಭಿಸೋಣವೆಂದು ಬೆಳಿಗ್ಗೆಯೇ ಸಕ್ಕಾರಾಕ್ಕೆ ಹೊರಟೆವು. ಐದನೆಯ ರಾಜವಂಶದ ಕೊನೆಯ ಅರಸ ಉನಾಸನ ಪಿರಮಿಡ್ಡು ಹೊರಗಿನಿಂದ ಕುಸಿದ ಕಲ್ಲುಗುಡ್ಡೆಯಂತೆ ಕಾಣುತ್ತದೆ. ಬೆನ್ನು ಬಗ್ಗಿಸಿ ಇಳಿಜಾರಿನ ಸುರಂಗದಲ್ಲಿ ಸಾಗಿ ಒಳಗಿನ ಕೋಣೆಯಲ್ಲಿ ನೆಟ್ಟಗೆ ನಿಂತಾಗ ಸುತ್ತಲೂ ನೀಲಿ ಬಣ್ಣ ತುಂಬಿದ ಅಕ್ಷರಗಳ ಉದ್ದುದ್ದ ಸಾಲುಗಳು, ಮೇಲೆ ನಕ್ಷತ್ರಗಳನ್ನು ಕೆತ್ತಿದ ಚಾವಣಿ. ಕ್ರಿ.ಪೂ. 24ನೆಯ ಶತಮಾನದ ಈ ಪಠ್ಯಗಳೇ ಪಿರಮಿಡ್ಡಿನ ಒಳಗೋಡೆಯಲ್ಲಿ ಬರೆಯಲ್ಪಟ್ಟ ಮೊದಲ ಪಠ್ಯಗಳು. 1881ರಲ್ಲಿ ಫ್ರೆಂಚ್ ವಿದ್ವಾಂಸ ಗ್ಯಾಸ್ಟನ್ ಮಾಸ್ಪೆರೋ ಇಲ್ಲಿಗೆ ಪ್ರವೇಶಿಸಿದ ಬಳಿಕ ಲೋಕಕ್ಕೆ ಇವುಗಳ ಪರಿಚಯವಾಯಿತು.

ನಾನು ಮೊದಲು ಹುಡುಕಿದ್ದು ಸತ್ತವರ ಲೋಕದ ದೇವರಾದ ಒಸಿರಿಸನ ಹೆಸರನ್ನು. ಸತ್ತ ಅರಸನನ್ನು ಇಲ್ಲಿ 'ಒಸಿರಿಸ್ ಉನಾಸ್' ಎಂದೇ ಮತ್ತೆ ಮತ್ತೆ ಕರೆಯುವುದರಿಂದ ಹುಡುಕಾಟ ಕಷ್ಟವಾಗಲಿಲ್ಲ. ಒಂದು ಸಿಂಹಾಸನ, ಒಂದು ಕಣ್ಣು, ಅಷ್ಟೇ. ಮುಂದಿನ ಶತಮಾನಗಳಲ್ಲಿ ಈ ಎರಡರ ಪಕ್ಕದಲ್ಲಿ ತಪ್ಪದೆ ಬಂದು ಕೂರುವ ಗಡ್ಡಧಾರಿ ದೇವತೆಯ ಪುಟ್ಟ ಆಕೃತಿ ಇಲ್ಲಿಲ್ಲ. ಅದಕ್ಕೆ ಕಾರಣವೂ ಗೋಡೆಯಲ್ಲೇ ಇದೆ: ಉನಾಸನ ಪಠ್ಯಗಳಲ್ಲಿ ಮನುಷ್ಯಾಕೃತಿಯ ಚಿಹ್ನೆಗಳನ್ನು ಲಿಪಿಕಾರರು ಆದಷ್ಟು ತಪ್ಪಿಸಿದ್ದಾರೆ. ಕೆತ್ತಿದ ಆಕೃತಿಗೆ ಜೀವವಿರುತ್ತದೆ, ಶವದ ಪಕ್ಕದಲ್ಲಿ ಅದು ಸುಮ್ಮನಿರದು ಎಂಬ ನಂಬಿಕೆ ಇದರ ಹಿಂದಿದೆ ಎಂದು ವಿದ್ವಾಂಸರು ವಿವರಿಸುತ್ತಾರೆ. ಮುಂದಿನ ಪಿರಮಿಡ್ಡುಗಳಲ್ಲಿ ಈ ಎಚ್ಚರ ಇನ್ನೂ ಬೆಳೆದು ಸಿಂಹದಂತಹ ಪ್ರಾಣಿಗಳ ಚಿಹ್ನೆಯನ್ನು ನಡುವೆ ಕತ್ತರಿಸಿ ಎರಡು ತುಂಡಾಗಿ ಬರೆದರು. 'ಮಧ್ಯ ರಾಜ್ಯ' ಎಂದು ಕರೆಯುವ ಯುಗದ (ಸುಮಾರು ಕ್ರಿ.ಪೂ. 2000–1700) ಕೊನೆಯ ಹೊತ್ತಿಗೆ ಕೆಲವು ಶವಪೆಟ್ಟಿಗೆಗಳ ಮೇಲೆ ಹಕ್ಕಿಗಳಿಗೆ ಕಾಲುಗಳೇ ಇಲ್ಲ. ಹಾಗೆ ಬರೆದಾಗಲೂ ಓದುವ ಧ್ವನಿ ಬದಲಾಗುವುದಿಲ್ಲ ಎಂಬುದು ಗಮನಿಸಬೇಕಾದ ಮಾತು. ಅಂದರೆ ಲಿಪಿಕಾರನ ತಲೆಯಲ್ಲಿ ಎರಡು ಲೆಕ್ಕಗಳು ಏಕಕಾಲಕ್ಕೆ ನಡೆಯುತ್ತಿದ್ದವು: ಒಂದು ಬಾಯಿಗೆ, ಇನ್ನೊಂದು ಕಣ್ಣಿಗೆ.

ಶವಕೋಣೆಯ ಉತ್ತರದ ಗೋಡೆಯಲ್ಲಿ ನೈವೇದ್ಯದ ಮಂತ್ರಗಳಿವೆ. 'ಒಸಿರಿಸ್ ಉನಾಸ್, ಹೋರಸನ ಕಣ್ಣನ್ನು ತೆಗೆದುಕೋ' ಎಂಬ ಸಾಲು ಅಲ್ಲಿ ಪಲ್ಲವಿಯಂತೆ ಬರುತ್ತದೆ. ಒಸಿರಿಸನ ಹೆಸರಿನಲ್ಲಿ ಬರಿಯ ಧ್ವನಿಗಾಗಿ ಬಂದ ಕಣ್ಣಿನ ಚಿಹ್ನೆಯೇ ಅದೇ ಸಾಲಿನಲ್ಲಿ ಸ್ವಲ್ಪ ಕೆಳಗೆ ನಿಜವಾದ ಕಣ್ಣಾಗಿ, ಮಗ ಹೋರಸನು ತಂದೆ ಒಸಿರಿಸನಿಗೆ ಅರ್ಪಿಸುವ ವಸ್ತುವಾಗಿ ನಿಲ್ಲುತ್ತದೆ. ಬರೆದವನು ಇದನ್ನು ಗಮನಿಸದೆ ಇದ್ದನೆಂದು ನನಗೆ ಅನ್ನಿಸುವುದಿಲ್ಲ.

ಮಧ್ಯಾಹ್ನ ಮಿತ್ ರಹೀನಾ ಗ್ರಾಮಕ್ಕೆ, ಅಂದರೆ ಹಳೆಯ ಮೆಂಫಿಸ್ ಪಟ್ಟಣದ ಜಾಗಕ್ಕೆ ಬಂದೆವು. ಪ್ತಾಹ್ ದೇವರ ಊರಿದು. ಅರಸ ಎರಡನೆಯ ರಾಮ್ಸೆಸನ ಮಲಗಿದ ಬೃಹತ್ ಪ್ರತಿಮೆಯ ಸುತ್ತ ಪ್ರವಾಸಿಗರು ನೆರೆದಿದ್ದರಿಂದ ಬಯಲಿನಲ್ಲಿ ಬಿದ್ದಿದ್ದ ಕಲ್ಲುಗಳನ್ನು ನೋಡಲು ಯಾರ ಅಡ್ಡಿಯೂ ಇರಲಿಲ್ಲ. ಪ್ತಾಹನ ಹೆಸರಿನಷ್ಟು ಸರಳವಾದ ಬರಹ ಇನ್ನೊಂದಿಲ್ಲ: 'ಪ'ಕ್ಕೆ ಒಂದು ಚೌಕ, 'ತ'ಕ್ಕೆ ಒಂದು ರೊಟ್ಟಿ, 'ಹ'ಕ್ಕೆ ಹೊಸೆದ ನಾರಿನ ಬತ್ತಿ. ಚಿಕ್ಕ ಚಿಹ್ನೆಗಳೆರಡನ್ನು ಒಂದರ ಮೇಲೊಂದು ಪೇರಿಸಿ, ಎತ್ತರದ ಬತ್ತಿಯನ್ನು ಪಕ್ಕದಲ್ಲಿ ನಿಲ್ಲಿಸಿದರೆ ಅಂದವಾದ ಒಂದು ಚೌಕ ತುಂಬಿತು. ಸಾವಿರಾರು ವರ್ಷ ಹೀಗೆಯೇ ಬರೆದರು. ಆದರೆ ಕಾಲಾಂತರದಲ್ಲಿ ಪಾಂಡಿತ್ಯ ಸುಮ್ಮನಿರಲಿಲ್ಲ. ಗ್ರೀಕ್ ಅರಸರ ಕಾಲದ ಪುರೋಹಿತರು ಇದೇ ಹೆಸರನ್ನು ಬೇರೆ ಮೂರು ಚಿಹ್ನೆಗಳಿಂದಲೂ ಬರೆದರು: ಮೇಲೆ ಆಕಾಶ, ಕೆಳಗೆ ಭೂಮಿ, ನಡುವೆ ತೋಳೆತ್ತಿ ಆಕಾಶವನ್ನು ಹೊತ್ತ ಹೆಹ್ ದೇವತೆ. ಆಕಾಶದ ಪದದಿಂದ 'ಪ', ಭೂಮಿಯ ಪದದಿಂದ 'ತ', ಹೆಹ್‌ನಿಂದ 'ಹ'. ಓದಿದರೆ ಪ್ತಾಹ್, ನೋಡಿದರೆ ಭೂಮಿಯಿಂದ ಆಕಾಶವನ್ನು ಬೇರ್ಪಡಿಸಿ ಎತ್ತಿ ಹಿಡಿದ ಸೃಷ್ಟಿಕರ್ತ. ಪ್ತಾಹನು ಲೋಕವನ್ನು ಹೇಗೆ ಉಂಟುಮಾಡಿದನೆಂಬ ಪುರಾಣವನ್ನು ಹೇಳಲು ಅವರಿಗೆ ಆ ದೇವರ ಹೆಸರಿನಷ್ಟು ಜಾಗವೇ ಸಾಕಾಯಿತು.

ಸೋಮವಾರ: ಕೈರೋ

ತಹ್ರೀರ್ ಚೌಕದ ಹಳೆಯ ವಸ್ತುಸಂಗ್ರಹಾಲಯದಲ್ಲಿ ನಾನು ನೋಡಬೇಕೆಂದಿದ್ದುದು ಒಂದೇ ಪ್ರತಿಮೆ. ಫ್ರೆಂಚ್ ಪುರಾತತ್ತ್ವಜ್ಞ ಪಿಯೆರ್ ಮೋಂತೆ ತಾನಿಸ್‌ನಲ್ಲಿ ಅಗೆದು ತೆಗೆದ ಈ ಶಿಲ್ಪದಲ್ಲಿ ದೊಡ್ಡ ಗಿಡುಗವೊಂದು ನಿಂತಿದೆ. ಅದರ ಎದೆಗೆ ಆತು ಬಾಯಲ್ಲಿ ಬೆರಳಿಟ್ಟುಕೊಂಡ ಬಾಲಕ ಕುಳಿತಿದ್ದಾನೆ. ಗಿಡುಗ ಹೌರೋನ್ ಎಂಬ ದೇವರು, ಕಾನಾನ್ ನಾಡಿನಿಂದ ಬಂದವನು. ಬಾಲಕನ ತಲೆಯ ಮೇಲೆ ಸೂರ್ಯಬಿಂಬವಿದೆ, ಅದು 'ರಾ', ಬಾಲಕನೇ 'ಮೆಸ್', ಅವನ ಕೈಯಲ್ಲಿರುವ ಜೊಂಡಿನ ಗಿಡ 'ಸು'. ಮೇಲಿನಿಂದ ಕೆಳಕ್ಕೆ ಓದಿಕೊಂಡರೆ ರಾಮೆಸ್ಸು. ಇಡೀ ಶಿಲ್ಪವೇ ಅರಸ ರಾಮ್ಸೆಸನ ಹೆಸರು, ಆ ಹೆಸರಿನ ಮೊದಲಲ್ಲಿ ಸೂರ್ಯದೇವ. ಗಿಡುಗದ ಮುಖ ಮಾತ್ರ ಸುಣ್ಣಕಲ್ಲಿನದು, ದೇಹ ಗ್ರಾನೈಟ್. ಅದು ಬೇರೆಯಾಗಿಯೇ ಸಿಕ್ಕಿತ್ತು.

ಅಲ್ಲಿಂದ ಗೀಜಾದ ಹೊಸ ವಸ್ತುಸಂಗ್ರಹಾಲಯಕ್ಕೆ. ತುತಾಂಖಾಮುನ್‌ನ ವಸ್ತುಗಳ ಮುಂದೆ ಇದ್ದ ಜನಸಂದಣಿಯನ್ನು ವರ್ಣಿಸಿ ಪ್ರಯೋಜನವಿಲ್ಲ. ಅವನ ಹೆಸರನ್ನು ಕಾರ್ಟೂಷ್ ಎಂಬ ಅಂಡಾಕಾರದ ಉಂಗುರದೊಳಗೆ ಬರೆದಿರುವುದನ್ನು ನೋಡಿದರೆ ಮೊದಲು ಬರುವುದು ಜೊಂಡಿನ ಎಲೆ, ಆಟದ ಮಣೆ, ನೀರಿನ ಅಲೆ, ಅಂದರೆ ಆಮುನ್ ದೇವರ ಹೆಸರು. ಅದಾದ ಮೇಲೆ 'ತುತ್', 'ಅಂಖ್'. ಬರೆದಿರುವ ಕ್ರಮದಲ್ಲಿ ಓದಿದರೆ ಆಮುನ್-ತುತ್-ಅಂಖ್ ಆಗುತ್ತದೆ. ಆದರೆ ಹಾಗೆ ಓದಬಾರದು. ದೇವರ ಹೆಸರು ಪದದ ಕೊನೆಯಲ್ಲಿ ಬರುವುದಿದ್ದರೂ ಬರವಣಿಗೆಯಲ್ಲಿ ಅದಕ್ಕೆ ಮೊದಲ ಜಾಗ ಬಿಟ್ಟುಕೊಡಬೇಕೆಂಬುದು ಲಿಪಿಕಾರರ ಕಟ್ಟುಪಾಡು. ನಮ್ಮಲ್ಲಿ ಲೆಕ್ಕದ ಪುಸ್ತಕವಾಗಲಿ ಪತ್ರವಾಗಲಿ ಮೇಲೆ 'ಶ್ರೀ' ಬರೆದ ಮೇಲೆಯೇ ಲೇಖನಿ ಮುಂದೆ ಸಾಗುವಂತೆ. ಓದುಗನಿಗೆ ಸರಿಯಾದ ಕ್ರಮ ಗೊತ್ತಿದೆ ಎಂಬ ಭರವಸೆಯ ಮೇಲೆ ನಡೆಯುವ ಮರ್ಯಾದೆ ಇದು.

ಅವನ ಚಿನ್ನದ ಸಿಂಹಾಸನದ ಮೇಲೆ ಎರಡು ಹೆಸರುಗಳೂ ಇವೆ: ಆಟೆನ್ ಎಂಬ ದೇವರ ಹೆಸರು ಸೇರಿದ ಬಾಲ್ಯದ ತುತಾಂಖಾಟೆನ್ ಮತ್ತು ಆಮೇಲಿನ ತುತಾಂಖಾಮುನ್. ದೇವರು ಬದಲಾದಾಗ ಸಿಂಹಾಸನವನ್ನು ಎಸೆಯಲಿಲ್ಲ, ಹೆಸರನ್ನು ಕೆಲವು ಕಡೆ ತಿದ್ದಿದರು, ಕೆಲವು ಕಡೆ ಹಾಗೆಯೇ ಬಿಟ್ಟರು.

ಮಂಗಳವಾರ: ರೈಲಿನಲ್ಲಿ

ಇಡೀ ದಿನ ದಕ್ಷಿಣಕ್ಕೆ ಪ್ರಯಾಣ. ಕಿಟಕಿಯಾಚೆ ಕಬ್ಬು, ಖರ್ಜೂರ, ಕಾಲುವೆ, ಅದರಾಚೆ ಮರಳುಗುಡ್ಡ. ಬೆನಿ ಮಜಾರ್ ದಾಟುವಾಗ ಪಶ್ಚಿಮಕ್ಕೆ ಕಣ್ಣು ಹಾಯಿಸಿದೆ. ಆ ದಿಕ್ಕಿನಲ್ಲೇ ಬಹ್ನಸಾ, ಅಂದರೆ ಹಳೆಯ ಆಕ್ಸಿರಿಂಕಸ್. ಅಲ್ಲಿನ ಕಸದ ರಾಶಿಗಳಲ್ಲಿ ಸಿಕ್ಕ ಗ್ರೀಕ್ ಪ್ರಹಸನದೊಳಗಿನ ಅರ್ಥವಾಗದ ಮಾತುಗಳು ಕನ್ನಡವಿರಬಹುದೆಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಷ್ ಸೂಚಿಸಿದರು. ಬಳಿಕ ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಅದನ್ನು ಚರ್ಚಿಸಿದರು. ವಾದ ಇಂದಿಗೂ ತೀರ್ಮಾನವಾಗಿಲ್ಲ. ಕನ್ನಡಿಗನಾದವನು ಆ ನಿಲ್ದಾಣವನ್ನು ಸುಮ್ಮನೆ ದಾಟಲಾರನೆಂದು ಇಷ್ಟು ಬರೆದೆ.

ಬುಧವಾರ: ಅಬಿಡೋಸ್

ಒಂದೇ ದಿನ ಮಾತ್ರ ಈಜಿಪ್ಟಿನಲ್ಲಿ ಕಳೆಯಬಹುದೆಂದು ಯಾರಾದರೂ ಕಟ್ಟಳೆ ಹಾಕಿದರೆ ನಾನು ಅಬಿಡೋಸ್‌ಗೇ ಬರುತ್ತೇನೆ. ಮೊದಲನೆಯ ಸೇತಿ ಕ್ರಿ.ಪೂ. 13ನೆಯ ಶತಮಾನದ ಆರಂಭದಲ್ಲಿ ಕಟ್ಟಿಸತೊಡಗಿದ ಈ ದೇವಾಲಯದಲ್ಲಿ ಒಂದಲ್ಲ, ಏಳು ಗರ್ಭಗುಡಿಗಳು ಸಾಲಾಗಿವೆ: ಸೇತಿ, ಪ್ತಾಹ್, ರಾ-ಹೋರಖ್ತಿ, ಆಮುನ್-ರಾ, ಒಸಿರಿಸ್, ಐಸಿಸ್, ಹೋರಸ್. ಉಬ್ಬುಶಿಲ್ಪದ ನಯವನ್ನು ಕಂಡವರೇ ಬಲ್ಲರು. ದೇವತೆಯ ತಲೆಗೂದಲಿನ ಒಂದೊಂದು ಎಳೆಯೂ ಎಣಿಸಲು ಸಿಗುತ್ತದೆ.

ನನ್ನನ್ನು ಇಲ್ಲಿಗೆ ಕರೆತಂದದ್ದು ಒಂದು ಇಕ್ಕಟ್ಟು. ಅರಸನ ಹೆಸರು ಸೇತಿ, ಅಂದರೆ ಸೇತ್ ದೇವರಿಗೆ ಸೇರಿದವನು. ಊರೋ ಒಸಿರಿಸನದು. ಸೇತ್‌ನೇ ಒಸಿರಿಸನನ್ನು ಕೊಂದ ತಮ್ಮ. ಅಣ್ಣನ ಪುಣ್ಯಕ್ಷೇತ್ರದಲ್ಲಿ, ಅವನಿಗಾಗಿಯೇ ಕಟ್ಟಿದ ಗುಡಿಯಲ್ಲಿ, ಕೊಂದವನ ಆಕೃತಿಯನ್ನು ನೂರಾರು ಸಲ ಕೆತ್ತುವುದು ಹೇಗೆ? ಸೇತಿಯ ಹೆಸರನ್ನು ಬೇರೆಡೆಗಳಲ್ಲಿ ಬರೆಯುವಾಗ ಮೊದಲಿಗೆ ಸೇತ್‌ನ ಆಕೃತಿಯೇ ಬರುತ್ತದೆ: ಉದ್ದ ಮೂತಿ, ತುದಿ ಚೌಕಾಕಾರವಾದ ನಿಮಿರಿದ ಕಿವಿಗಳು, ಇಂಥದೇ ಪ್ರಾಣಿಯೆಂದು ಗುರುತಿಸಲಾಗದ ತಲೆ. ಅರಸ ತನ್ನ ಹೆಸರನ್ನು ಬದಲಾಯಿಸಿಕೊಳ್ಳಲಿಲ್ಲ. ಅದು ತಂದೆ ಇಟ್ಟ ಹೆಸರು, ಸೇತ್ ಅವರ ಮನೆತನದ ಸೀಮೆಯ ದೈವ. ಲಿಪಿಕಾರರು ಕಂಡುಕೊಂಡ ದಾರಿ ಬೇರೆ. ಸೇತ್ ಕೂರಬೇಕಾದ ಜಾಗದಲ್ಲಿ ಒಸಿರಿಸನ ಆಕೃತಿಯನ್ನೇ ಕೂರಿಸಿದರು. ಅದರೊಂದಿಗೆ ಐಸಿಸಳ ಗಂಟು ಎಂದು ಹೆಸರಾದ ಚಿಹ್ನೆಯನ್ನೂ ಬಳಸಿದರು. ಓದುವಾಗ ಸೇತಿ ಎಂದೇ ಓದಬೇಕು. ಕಣ್ಣಿಗೆ ಕಾಣುವುದು ಮಾತ್ರ ಕೊಲೆಯಾದವನು, ಅವನ ಪಕ್ಕದಲ್ಲಿ ಅವನ ಹೆಂಡತಿಯ ಚಿಹ್ನೆ. ಥೀಬ್ಸ್‌ನ (ಇಂದಿನ ಲಕ್ಸರ್) ರಾಜಕಣಿವೆಯಲ್ಲಿರುವ ಅವನ ಸಮಾಧಿಯಲ್ಲೂ ಇದೇ ಉಪಾಯ ಮಾಡಿದ್ದಾರೆ, ಏಕೆಂದರೆ ಸತ್ತ ಮೇಲೆ ಅರಸನು ತಾನೇ ಒಸಿರಿಸನಾಗಬೇಕು.

ಕಾರ್ಟೂಷ್‌ನಿಂದ ಕಾರ್ಟೂಷ್‌ಗೆ ನಡೆಯುತ್ತ ಇದನ್ನೇ ಬಹಳ ಹೊತ್ತು ನೋಡಿದೆ. ನಮ್ಮ ಜೊತೆಗಿದ್ದ ಸೊಹಾಗ್‌ನ ತರುಣ ಮಾರ್ಗದರ್ಶಿ, ಪುರಾತತ್ತ್ವದ ವಿದ್ಯಾರ್ಥಿ, ಮೊದಲಿಗೆ ನನ್ನನ್ನು ರಾಜಾವಳಿಯ ಗೋಡೆಯ ಕಡೆಗೆ ಎಳೆದುಕೊಂಡು ಹೋಗಲು ಪ್ರಯತ್ನಿಸಿದ. ಆಮೇಲೆ ಅವನೂ ಸೇತ್ ಎಲ್ಲಾದರೂ ನುಸುಳಿದ್ದಾನೆಯೇ ಎಂದು ಹುಡುಕತೊಡಗಿದ. "ಉಸ್ತಾದ್, ಈ ಸಾಲಿನಲ್ಲಂತೂ ಇಲ್ಲ," ಎಂದು ಕಂಬದ ಹಿಂದಿನಿಂದ ಕೂಗಿ ಹೇಳಿದ. ಇಂತಹ ಬದಲಾವಣೆ ಒಬ್ಬ ಕೆತ್ತನೆಗಾರನ ಮನಸ್ಸಿಗೆ ತೋಚಿ ಆದದ್ದಲ್ಲ ಎಂಬುದು ಸ್ಪಷ್ಟ. ಗೋಡೆಯ ಮೇಲೆ ಮಸಿಯಿಂದ ಕರಡು ಬರೆದವನಿಗೂ, ಉಳಿ ಹಿಡಿದವನಿಗೂ, ಬಣ್ಣ ತುಂಬಿದವನಿಗೂ ಈ ಗುಡಿಯ ಮಟ್ಟಿಗೆ ನಮ್ಮ ಅರಸನ ಹೆಸರನ್ನು ಹೀಗೆ ಬರೆಯತಕ್ಕದ್ದು ಎಂಬ ಅಪ್ಪಣೆ ಇದ್ದಿರಲೇಬೇಕು.

ರಾಜಾವಳಿಯಲ್ಲಿ 76 ಅರಸರ ಹೆಸರುಗಳಿವೆ. ಹೆಣ್ಣಾಗಿ ಸಿಂಹಾಸನವೇರಿದ ಹತ್‌ಶೆಪ್ಸುತ್, ಹಳೆಯ ದೇವರುಗಳನ್ನು ತೊರೆದ ಅಖೆನಾಟೆನ್, ತುತಾಂಖಾಮುನ್ ಇವರ ಹೆಸರುಗಳಿಲ್ಲ. ಒಂದು ಹೆಸರನ್ನು ಬೇರೆ ಚಿಹ್ನೆಯಿಂದ ಬರೆದು ಉಳಿಸಿಕೊಂಡವರೇ ಇನ್ನು ಕೆಲವು ಹೆಸರುಗಳನ್ನು ಬರೆಯದೆ ಅಳಿಸಿದರು.

ಗುರುವಾರ: ದೆಂದೆರಾ

ಲಕ್ಸರ್‌ಗೆ ಹೋಗುವ ದಾರಿಯಲ್ಲಿ ಹಾಥೋರ್ ದೇವಿಯ ಗುಡಿಯಲ್ಲಿ ಇಳಿದೆವು. ಈಗ ನಿಂತಿರುವ ಕಟ್ಟಡ ಕ್ರಿ.ಪೂ. 54ರಲ್ಲಿ ಆರಂಭವಾದದ್ದು. ಹಾಥೋರಳ ಹೆಸರಿನ ಹಳೆಯ ಬರಹವೇ ಒಂದು ಒಗಟಿನಂತಿದೆ: ಚೌಕಾಕಾರದ ಮನೆಯೊಳಗೆ ಒಂದು ಗಿಡುಗ, ಅಂದರೆ ಹೋರಸನ ಮನೆ. ಇದನ್ನು ಬಿಟ್ಟು 'ಸ್ವರ್ಣೆ' ಎಂಬ ಅವಳ ಬಿರುದನ್ನೇ ಹೆಸರಿನಂತೆ ಬಳಸಿ ಚಿನ್ನದ ಹಾರದ ಚಿಹ್ನೆಯಿಂದ ಅವಳನ್ನು ಕರೆದ ಸಾಲುಗಳೂ ಬೇಕಾದಷ್ಟಿವೆ. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಖಾಲಿ ಉಂಗುರಗಳು. ಅರಸನ ಹೆಸರು ಬರಬೇಕಾದ ಎಷ್ಟೋ ಕಾರ್ಟೂಷ್‌ಗಳ ಒಳಗೆ ಏನೂ ಇಲ್ಲ. ಅಲೆಕ್ಸಾಂಡ್ರಿಯಾದಲ್ಲಿ ಸಿಂಹಾಸನದ ಮೇಲೆ ಇಂದು ಯಾರು, ನಾಳೆ ಯಾರು ಎಂಬ ಅನಿಶ್ಚಯದ ಕಾಲವದು. ಅದೇ ಗೋಡೆಯಲ್ಲಿ ದೇವಿಯ ಹೆಸರು ಮಾತ್ರ ಒಂದೆಡೆಯೂ ಖಾಲಿ ಬಿದ್ದಿಲ್ಲ.

ಶುಕ್ರವಾರ: ಕರ್ಣಾಕ್, ಲಕ್ಸರ್

ಆಮುನ್ ಎಂಬ ಹೆಸರಿನ ಪ್ರಧಾನ ಪೀಠ ಕರ್ಣಾಕ್. 134 ಕಂಬಗಳ ಮಹಾಮಂಟಪವನ್ನು ಹಾಯ್ದು ಹತ್‌ಶೆಪ್ಸುತ್ ನಿಲ್ಲಿಸಿದ ಸ್ತಂಭದ ಬಳಿಗೆ ಬಂದೆ. ಒಂದೇ ಕೆಂಪು ಗ್ರಾನೈಟ್ ಕಲ್ಲಿನ, ಸುಮಾರು 29 ಮೀಟರ್ ಎತ್ತರದ ಈ ಸ್ತಂಭದ ಮೇಲ್ಭಾಗದಲ್ಲಿ ಆಮುನ್‌ನ ಆಕೃತಿ ಮತ್ತು ಹೆಸರನ್ನು ಅಖೆನಾಟೆನ್‌ನ ಆಳುಗಳು ಕೆತ್ತಿ ಹಾಕಿದರು; ಮುಂದೆ ಸೇತಿ ಅವನ್ನು ಮರಳಿ ಕೆತ್ತಿಸಿದ. ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಗಮನವಿಟ್ಟು ನೋಡಿದರೆ ತಿದ್ದಿದ ಭಾಗಗಳು ಸುತ್ತಲಿನ ಕಲ್ಲಿಗಿಂತ ತುಸು ತಗ್ಗಾಗಿರುವುದು ತಿಳಿಯುತ್ತದೆ.

ಅಖೆನಾಟೆನ್ ಕ್ರಿ.ಪೂ. 14ನೆಯ ಶತಮಾನದಲ್ಲಿ ಆಟೆನ್ ಎಂಬ ಸೂರ್ಯಬಿಂಬವೊಂದನ್ನೇ ದೇವರೆಂದು ಸ್ಥಾಪಿಸಿದ ಅರಸ. ಅವನ ಕಾಲದ ಅಳಿಸುವಿಕೆ ಕುರುಡು ದ್ವೇಷದ ಕೆಲಸದಂತೆ ಮೇಲ್ನೋಟಕ್ಕೆ ಕಾಣುತ್ತದೆ, ಆದರೆ ಅದರಲ್ಲಿ ಕಾಗುಣಿತದ ಸೂಕ್ಷ್ಮ ಜ್ಞಾನ ಬೇಕಿತ್ತು. ಅವನ ತಂದೆಯ ಹೆಸರು ಆಮೆನ್‌ಹೋತೆಪ್. ತಂದೆಯ ಹೆಸರಿನೊಳಗಿನ ಆಮುನ್‌ನನ್ನೂ ಬಿಡಲಿಲ್ಲ. 'ದೇವರುಗಳು' ಎಂಬ ಬಹುವಚನವನ್ನು ಮೂರು ಧ್ವಜಗಳಿಂದ ಬರೆಯುವ ವಾಡಿಕೆಯಿತ್ತು. ಅದೂ ಹಲವೆಡೆ ಅಳಿಯಿತು. ತಾಯಿ ಎಂಬ ಪದಕ್ಕೆ ರಣಹದ್ದಿನ ಚಿಹ್ನೆ ಬಳಸುತ್ತಿದ್ದರು, ಅದೇ ಹದ್ದು ಆಮುನ್‌ನ ಪತ್ನಿ ಮುತ್ ದೇವಿಯ ಹೆಸರೂ ಹೌದು. ಆದ್ದರಿಂದ ಹೊಸ ಮತದ ಲಿಪಿಕಾರರು ತಾಯಿ ಎಂದು ಬರೆಯುವಾಗ ಹದ್ದನ್ನು ಬಿಟ್ಟು ಬರಿಯ ಧ್ವನಿಚಿಹ್ನೆಗಳನ್ನು ಜೋಡಿಸಿದರು. ಸತ್ಯ, ಧರ್ಮ ಎಂಬ ಅರ್ಥದ ಮಾಅತ್ ಪದವನ್ನೂ ತಲೆಯ ಮೇಲೆ ಗರಿಯಿಟ್ಟ ದೇವಿಯ ಆಕೃತಿಯಿಲ್ಲದೆ ಬರೆದರು. ಅರಸನಿಗೆ ಆ ಪದ ಬೇಕಿತ್ತು, ಆ ದೇವಿ ಬೇಡವಾಗಿದ್ದಳು.

ಸಂಜೆ ಲಕ್ಸರ್ ವಸ್ತುಸಂಗ್ರಹಾಲಯದಲ್ಲಿ, ಕರ್ಣಾಕಿನಲ್ಲಿ ಅಖೆನಾಟೆನ್ ಕಟ್ಟಿಸಿದ ಗುಡಿಯ ಪುಟ್ಟ ಇಟ್ಟಿಗೆಗಲ್ಲುಗಳನ್ನು ಜೋಡಿಸಿ ನಿಲ್ಲಿಸಿದ ಗೋಡೆಯ ಮುಂದೆ ಇದರ ಇನ್ನೊಂದು ಮುಖವನ್ನು ನೆನೆದೆ. ಆಟೆನ್‌ನ ಹೆಸರನ್ನು ಅರಸನ ಹೆಸರಿನಂತೆ ಎರಡು ಕಾರ್ಟೂಷ್‌ಗಳಲ್ಲಿ ಬರೆಯುತ್ತಿದ್ದರು. ಮೊದಲ ರೂಪದಲ್ಲಿ ದಿಗಂತದ ಹೋರಸನೂ ಬೆಳಕಿನ ಶೂ ದೇವನೂ ಆ ಹೆಸರಿನೊಳಗೇ ಇದ್ದರು. ಕೆಲವು ವರ್ಷಗಳ ಬಳಿಕ ಹೋರಸನ ಗಿಡುಗವೂ ಹಳೆಯ ದೇವರ ಹೆಸರುಗಳೂ ಒಂದೊಂದಾಗಿ ಹೊರಬಿದ್ದು, ರಾ ಎಂಬ ಹೆಸರೊಂದು ಮಾತ್ರ ನಿಂತಿತು. ಹೀಗೆ ಶೋಧಿಸಿ ಶೋಧಿಸಿ ಶುದ್ಧ ಮಾಡಿದ ದೇವರ ಹೆಸರು ಆ ಅರಸನ ನಂತರ ಒಂದು ತಲೆಮಾರೂ ಬಾಳಲಿಲ್ಲ. ಎಷ್ಟೋ ಚಿಹ್ನೆಗಳನ್ನು ಒಳಗೆ ಬಿಟ್ಟುಕೊಂಡ ಒಸಿರಿಸನ ಹೆಸರು ಅದರ ಬಳಿಕವೂ 1700 ವರ್ಷ ಬರೆಯಲ್ಪಟ್ಟಿತು.

ಶನಿವಾರ: ಎಸ್ನಾ

ಲಕ್ಸರ್‌ನಿಂದ ದಕ್ಷಿಣಕ್ಕೆ ಒಂದು ಗಂಟೆಯ ದಾರಿ. ಎಸ್ನಾದ ಗುಡಿ ಪೇಟೆಯ ನಡುವೆ, ಇಂದಿನ ಬೀದಿಯ ಮಟ್ಟಕ್ಕಿಂತ ಸುಮಾರು 9 ಮೀಟರ್ ಕೆಳಗಿದೆ. ಬಟ್ಟೆ, ಮಸಾಲೆ ಮಾರುವ ಅಂಗಡಿಗಳ ಸಾಲನ್ನು ದಾಟಿ ಮೆಟ್ಟಿಲಿಳಿದು ಹೋಗಬೇಕು. ಉಳಿದಿರುವುದು 24 ಕಂಬಗಳ ಮುಖಮಂಟಪ ಮಾತ್ರ. ಅದರಲ್ಲಿನ ಬರಹಗಳು ರೋಮನ್ ಚಕ್ರವರ್ತಿಗಳ ಕಾಲದವು, ಕ್ಲಾಡಿಯಸ್‌ನಿಂದ ಹಿಡಿದು ಮೂರನೆಯ ಶತಮಾನದ ನಡುವಿನ ಡೆಸಿಯಸ್‌ನವರೆಗೆ. 2018ರಿಂದ ಈಜಿಪ್ಟಿನ ಪುರಾತತ್ತ್ವ ಇಲಾಖೆ ಮತ್ತು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಒಟ್ಟಾಗಿ ಮಸಿಯನ್ನೂ ಹಕ್ಕಿಗಳ ಹಿಕ್ಕೆಯನ್ನೂ ತೆಗೆಯುತ್ತ ಬಂದಿರುವುದರಿಂದ ಚಾವಣಿಯ ನೀಲಿ, ಹಳದಿ, ಕೆಂಪು ಬಣ್ಣಗಳು ಮತ್ತೆ ಹೊರಬಿದ್ದಿವೆ.

ಇಲ್ಲಿನ ಮುಖ್ಯ ದೇವರು ಟಗರಿನ ತಲೆಯ ಖ್ನೂಮ್, ಕುಂಬಾರನ ಚಕ್ರದ ಮೇಲೆ ಮನುಷ್ಯರನ್ನು ರೂಪಿಸಿದವನು. ಹಳೆಯ ಬರಹದಲ್ಲಿ ಅವನ ಹೆಸರಿಗೆ ಹಿಡಿಯಿರುವ ಹೂಜಿಯ ಚಿಹ್ನೆ ಬರುತ್ತಿತ್ತು. ಅದರ ಜೊತೆಗೆ ಒಂದು ಟಗರು. ಎಸ್ನಾದ ಪುರೋಹಿತರು ಈ ಟಗರನ್ನು ಹಿಡಿದುಕೊಂಡು ಎಲ್ಲಿಗೆ ಮುಟ್ಟಿದರೆಂಬುದನ್ನು ನೋಡಲೆಂದೇ ನಾನು ಬಂದಿದ್ದೆ.

ಮಂಟಪದ ಮುಂಭಾಗದಲ್ಲಿ ಎರಡು ಸ್ತೋತ್ರಗಳಿವೆ. ಒಂದನ್ನು ಬಹುಪಾಲು ಟಗರುಗಳಿಂದಲೇ ಬರೆದಿದೆ, ಇನ್ನೊಂದನ್ನು ಮೊಸಳೆಗಳಿಂದ. ದೂರದಿಂದ ನೋಡಿದರೆ ಸಾಲುಸಾಲಾಗಿ ಟಗರಿನ ಮಂದೆ ಹೊರಟಂತೆ ಇದೆ. ಹತ್ತಿರ ಹೋಗಿ ನೋಡಿದರೆ ಎಲ್ಲವೂ ಒಂದೇ ಅಲ್ಲ. ತಲೆಯ ಮೇಲಿರುವುದು ಬೇರೆ, ನಿಂತ ಬಗೆ ಬೇರೆ, ನಡುನಡುವೆ ಸಿಕ್ಕಿಸಿದ ಚಿಕ್ಕ ಚಿಹ್ನೆಗಳು ಬೇರೆ. ಒಂದೇ ಪ್ರಾಣಿಗೆ ಇಷ್ಟು ಧ್ವನಿಗಳು ಎಲ್ಲಿಂದ ಬಂದವು? ಟಗರಿಗೆ 'ಬಾ' ಎಂಬ ಉಚ್ಚಾರವಿತ್ತು, ಆತ್ಮಕ್ಕೂ 'ಬಾ' ಎಂದೇ ಹೆಸರು. ಟಗರಿನ ತಲೆ ಘನತೆ, ಗೌರವ ಎಂಬ ಪದವನ್ನು ಬರೆಯಲು ಬಳಕೆಯಲ್ಲಿತ್ತು. ಖ್ನೂಮ್ ಎಂಬುದಂತೂ ಇದ್ದೇ ಇದೆ. ಇಂತಹ ಒಂದೊಂದು ಸಂಬಂಧದಿಂದಲೂ ಒಂದೊಂದು ಧ್ವನಿಯನ್ನು, ಕೆಲವೊಮ್ಮೆ ಪದದ ಮೊದಲ ವ್ಯಂಜನವನ್ನಷ್ಟೇ, ಹೆಕ್ಕಿಕೊಂಡು ಪೋಣಿಸುತ್ತ ಹೋದರು. ಮೊಸಳೆಗೂ ಹೀಗೆಯೇ ಸೊಬೆಕ್ (ಮೊಸಳೆ ರೂಪದ ದೇವರ ಹೆಸರು), ಒಡೆಯ ಮುಂತಾದ ಓದುಗಳಿದ್ದವು. ಎಸ್ನಾದ ಶಾಸನಗಳನ್ನು ಪ್ರಕಟಿಸಿದವರು ಫ್ರೆಂಚ್ ವಿದ್ವಾಂಸ ಸೆರ್ಜ್ ಸೊನೆರೋನ್. ಈ ಎರಡು ಸ್ತೋತ್ರಗಳನ್ನು ಓದುವ ಕೆಲಸವನ್ನು ಮುಂದೆ ಟ್ಯೂಬಿಂಗನ್‌ನ ಕ್ರಿಶ್ಚಿಯನ್ ಲೈಟ್ಸ್ ಕೈಗೆತ್ತಿಕೊಂಡರು.

ಇದನ್ನು ಗುಪ್ತಲಿಪಿ ಎಂದು ಕರೆಯುವುದು ರೂಢಿ. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಬಚ್ಚಿಡಬೇಕೆಂದವನು ಗುಡಿಯ ಮುಂಭಾಗದಲ್ಲಿ ಯಾಕೆ ಬರೆಯುತ್ತಾನೆ? ಹೊರಗಿನವರಿಗೆ ಮಾಮೂಲು ಚಿತ್ರಲಿಪಿಯೇ ಆ ವೇಳೆಗೆ ತಿಳಿಯದಾಗಿತ್ತು, ಅವರಿಂದ ಮುಚ್ಚಿಡಲು ಟಗರುಗಳ ಅಗತ್ಯವಿರಲಿಲ್ಲ. ಇದು ಸ್ತುತಿಯ ಒಂದು ವಿಧಾನವೆಂದೇ ನನಗೆ ತೋರುತ್ತದೆ: ದೇವರನ್ನು ಹೊಗಳುವ ಪ್ರತಿ ಪದದ ಪ್ರತಿ ಧ್ವನಿಯೂ ಆ ದೇವರ ರೂಪವನ್ನೇ ತಾಳಬೇಕು, ಆಗ ಸ್ತೋತ್ರದಲ್ಲಿ ದೇವರಲ್ಲದ ವಸ್ತುವೇ ಉಳಿಯುವುದಿಲ್ಲ. ಹಾಗೆಂದು ಇದರಲ್ಲಿ ಜಂಬ ಇರಲಿಲ್ಲವೆಂದಲ್ಲ. 'ಜೀವದ ಮನೆ' ಎಂದು ಕರೆಯುತ್ತಿದ್ದ ದೇವಾಲಯದ ಬರಹಶಾಲೆಗಳಲ್ಲಿ ವರ್ಷಗಟ್ಟಲೆ ಕಲಿತವರು, ತಮ್ಮ ಸರೀಕರು ಮೆಚ್ಚಲೆಂದೇ ಕೆಲವು ಟಗರುಗಳನ್ನು ತಿರುಚಿ ಬರೆದಿರಬೇಕು. ಓದುಗರ ಸಂಖ್ಯೆ ಕಡಿಮೆಯಾಗುತ್ತ ಬಂದ ಕಾಲದಲ್ಲೇ ಬರಹ ಇಷ್ಟು ಕಠಿಣವಾಗುತ್ತ ಹೋದದ್ದು ವಿಚಿತ್ರ.

ಭಾನುವಾರ: ಎದ್ಫು, ಕೊಂ ಒಂಬೊ

ಎದ್ಫುವಿನ ಹೋರಸನ ದೇವಾಲಯ ಕ್ರಿ.ಪೂ. 237ರಲ್ಲಿ ಆರಂಭವಾಗಿ ಕ್ರಿ.ಪೂ. 57ರಲ್ಲಿ ಮುಗಿಯಿತು. ಪ್ರಾಚೀನ ಕಾಲದಲ್ಲಿ ಏಳೆಂಟು ನೂರರಷ್ಟಿದ್ದ ಬಳಕೆಯ ಚಿಹ್ನೆಗಳು ಈ ಯುಗದಲ್ಲಿ ಹಲವು ಸಾವಿರಕ್ಕೆ ಏರಿದವು. 'ದೇವರು' ಎಂಬ ಒಂದು ಪದಕ್ಕೆ ಹಿಂದೆ ಕೋಲಿಗೆ ಸುತ್ತಿದ ಬಟ್ಟೆಯ ಧ್ವಜ ಸಾಕಾಗುತ್ತಿತ್ತು. ಇಲ್ಲಿ ಗಿಡುಗವೂ ದೇವರು, ನಕ್ಷತ್ರವೂ ದೇವರು. ಹಡಗಿನ ಪ್ರಯಾಣಿಕರಿಗೆ ಗೊತ್ತುಮಾಡಿದ ಸಮಯ ತೀರಾ ಕಡಿಮೆಯಾದ್ದರಿಂದ ಇನ್ನೂ ಹೆಚ್ಚು ನೋಡಲಾಗಲಿಲ್ಲ. ಸಂಜೆ ಕೊಂ ಒಂಬೊದಲ್ಲಿ ಸೊಬೆಕ್ ಮತ್ತು ಹಿರಿಯ ಹೋರಸ್ ಇಬ್ಬರ ಜೋಡಿ ಗುಡಿ. ಸೊಬೆಕ್‌ನ ಹೆಸರನ್ನು ಸ-ಬ-ಕ ಎಂದು ಬಿಡಿಬಿಡಿಯಾಗಿಯೂ ಬರೆಯಬಹುದು, ಗುಡಿಯ ಮೇಲೆ ಮಲಗಿದ ಮೊಸಳೆಯ ಒಂದೇ ಚಿತ್ರದಿಂದಲೂ ಬರೆಯಬಹುದು. ದೀಪದ ಬೆಳಕಿನಲ್ಲಿ ಎರಡೂ ಸಿಕ್ಕವು.

ಸೋಮವಾರ: ಫಿಲೇ

ಅಸ್ವಾನ್‌ನಿಂದ ದೋಣಿಯಲ್ಲಿ ಫಿಲೇಗೆ. ಅಣೆಕಟ್ಟಿನ ನೀರಿನಿಂದ ಪಾರುಮಾಡಲು 1970ರ ದಶಕದಲ್ಲಿ ಈ ಗುಡಿಗಳನ್ನು ಕಲ್ಲು ಕಲ್ಲಾಗಿ ಬಿಚ್ಚಿ ಪಕ್ಕದ ಅಗಿಲ್ಕಿಯಾ ದ್ವೀಪದಲ್ಲಿ ಮರಳಿ ಕಟ್ಟಿದ್ದಾರೆ. ಎಲ್ಲರೂ ಐಸಿಸಳ ಗುಡಿಯ ಕಡೆಗೆ ಹೋದಾಗ ನಾನು ರೋಮನ್ ಚಕ್ರವರ್ತಿ ಹೇಡ್ರಿಯನ್‌ನ ದ್ವಾರಕ್ಕೆ ಹೋದೆ. ಅಲ್ಲಿ ಮಂದುಲಿಸ್ ಎಂಬ ನೂಬಿಯಾದ ದೇವರ ಒರಟು ಚಿತ್ರವೂ ಅದರ ಪಕ್ಕದಲ್ಲಿ ಕೆಲವು ಸಾಲುಗಳೂ ಇವೆ. ದಿನಾಂಕವಿರುವ ಚಿತ್ರಲಿಪಿ ಬರಹಗಳಲ್ಲಿ ಕಟ್ಟಕಡೆಯದು ಇದೇ: ಕ್ರಿ.ಶ. 394, ಆಗಸ್ಟ್ 24. ಬರೆದವನು ಎಸ್ಮೆತ್-ಅಖೋಮ್, ಐಸಿಸಳ ಪುರೋಹಿತ, ಎಸ್ಮೆತ್ ಎಂಬವನ ಮಗ. ಕೆಳಗೆ ಡೆಮೊಟಿಕ್ ಎಂಬ ಓಡುಲಿಪಿಯಲ್ಲಿ, ಇಂದು ಒಸಿರಿಸನ ಹುಟ್ಟಿದ ದಿನ, ವರ್ಷ 110 ಎಂದು ದಾಖಲಿಸಿದ್ದಾನೆ. ರೋಮನ್ ಚಕ್ರವರ್ತಿ ಡಯೊಕ್ಲೇಷಿಯನ್ ಪಟ್ಟವೇರಿದ ವರ್ಷದಿಂದ ಎಣಿಸಿದ ಲೆಕ್ಕ ಅದು.

ಮಂದುಲಿಸ್ ಎಂಬುದು ಗ್ರೀಕರ ಬಾಯಲ್ಲಿ ಆದ ರೂಪ. ಈಜಿಪ್ಟಿನ ಲಿಪಿಯಲ್ಲಿ ಅದು ಮೆರುಲ್ ಎಂಬಂತೆ ಬರುತ್ತದೆ. ಹಳೆಯ ಈಜಿಪ್ಟಿನ ಅಕ್ಷರಗಳಲ್ಲಿ 'ಲ'ಕ್ಕೆ ಪ್ರತ್ಯೇಕ ಚಿಹ್ನೆಯೇ ಇರಲಿಲ್ಲ. ಕ್ಲಿಯೋಪಾತ್ರ, ತೊಲೆಮಿ ಮೊದಲಾದ ಗ್ರೀಕ್ ಹೆಸರುಗಳಿಗಾಗಿ ಮಲಗಿದ ಸಿಂಹವನ್ನು ಆ ಕೆಲಸಕ್ಕೆ ನೇಮಿಸಿಕೊಂಡಿದ್ದರು. ಫಿಲೇಯಿಂದ ಇಂಗ್ಲೆಂಡಿಗೆ ಹೋದ ಒಂದು ಸ್ತಂಭದ ಮೇಲಿನ ಕ್ಲಿಯೋಪಾತ್ರಳ ಹೆಸರಿನಲ್ಲಿರುವ ಸಿಂಹವೂ, ರೊಸೆಟ್ಟಾ ಕಲ್ಲಿನ ತೊಲೆಮಿಯ ಹೆಸರಿನಲ್ಲಿರುವ ಸಿಂಹವೂ 1822ರ ಹೊತ್ತಿಗೆ, ಚಿತ್ರಲಿಪಿಯನ್ನು ಓದಿ ಬಿಡಿಸಿದ ಫ್ರೆಂಚ್ ವಿದ್ವಾಂಸ ಶಾಂಪೋಲಿಯೋನ್‌ಗೆ ದಾರಿ ತೋರಿಸಿದ ಚಿಹ್ನೆಗಳಲ್ಲಿ ಸೇರಿವೆ. ಆ ತೊಲೆಮಿಯ ಉಂಗುರದ ಕೊನೆಯಲ್ಲಿ 'ಪ್ತಾಹನಿಗೆ ಪ್ರಿಯನಾದವನು' ಎಂಬ ಬಿರುದಿದೆ; ಚೌಕ, ರೊಟ್ಟಿ, ಬತ್ತಿ. ಅರಸನ ಹೆಸರಿನ ಮೊದಲಿಗೂ ಅದೇ ಚೌಕ ಮತ್ತು ರೊಟ್ಟಿ ಇರುವುದರಿಂದ ಒಂದೇ ಉಂಗುರದಲ್ಲಿ ಅವು ಎರಡೆರಡು ಸಲ ಬರುತ್ತವೆ.

ಎಸ್ಮೆತ್-ಅಖೋಮನ ಕೈ ಅಷ್ಟೇನೂ ಚೆನ್ನಾಗಿಲ್ಲ. ಅಬಿಡೋಸ್ ನೋಡಿ ಬಂದ ಕಣ್ಣಿಗೆ ಗೆರೆಗಳು ನಡುಗಿದಂತೆ ಕಾಣುತ್ತವೆ. ಆದರೂ ಅವನು ವಿಧಿಯನ್ನು ಬಿಟ್ಟಿಲ್ಲ: ಇದು ಇಂಥವರ ಮಾತು, ಇವನು ಮಹಾದೇವರು ಎಂದು ಹೇಳಬೇಕಾದುದನ್ನೆಲ್ಲ ಹೇಳಿದ್ದಾನೆ. ಡೆಮೊಟಿಕ್ ಬರಹ ಇದೇ ದ್ವೀಪದಲ್ಲಿ 452ರವರೆಗೂ ಮುಂದುವರಿಯಿತು.

ಮಂಗಳವಾರ: ಅಬು ಸಿಂಬೆಲ್

ನಸುಕಿಗೆ ಮುಂಚೆಯೇ ಬಸ್ಸು ಹೊರಟಿತು. ಇಲ್ಲಿನ ನಾಲ್ಕು ಬೃಹತ್ ಪ್ರತಿಮೆಗಳನ್ನು ಚಿತ್ರದಲ್ಲಿ ನೋಡದವರು ಯಾರೂ ಇರಲಾರರು. ಆದರೆ ನಡುವಿನ ಬಾಗಿಲಿನ ಮೇಲಿರುವ ಗೂಡಿನ ಕಡೆಗೆ ತಲೆಯೆತ್ತುವವರು ಕಡಿಮೆ. ಅಲ್ಲಿ ಗಿಡುಗದ ತಲೆಯ ರಾ-ಹೋರಖ್ತಿ ಬಿಂಬವನ್ನು ಹೊತ್ತು ನಿಂತಿದ್ದಾನೆ. ಅವನ ಒಂದು ಕೈಯ ಬಳಿ ನರಿಯಂತಹ ತಲೆಯುಳ್ಳ ಕೋಲು, ಅದು 'ಉಸೆರ್'. ಇನ್ನೊಂದು ಕೈಯ ಬಳಿ ಗರಿ ತೊಟ್ಟ ಪುಟ್ಟ ದೇವಿ, ಅದು 'ಮಾಅತ್'. ಮೂರನ್ನೂ ಕೂಡಿಸಿದರೆ ಉಸೆರ್-ಮಾಅತ್-ರಾ, ಎರಡನೆಯ ರಾಮ್ಸೆಸನ ಪಟ್ಟದ ಹೆಸರು. ಗೂಡಿನಲ್ಲಿ ನಿಂತ ದೇವರು ದೇವರೂ ಹೌದು, ಅರಸನ ಹೆಸರಿನ ಒಂದು ಅಕ್ಷರವೂ ಹೌದು. ಗೂಡಿನ ಎರಡೂ ಪಕ್ಕದ ಕೆತ್ತನೆಯಲ್ಲಿ ರಾಮ್ಸೆಸ್ ಅವನಿಗೆ ಮಾಅತ್‌ಳನ್ನು ಅರ್ಪಿಸುತ್ತಿದ್ದಾನೆ. ಅಂದರೆ ತನ್ನ ಹೆಸರಿಗೆ ತಾನೇ ಪೂಜೆ ಸಲ್ಲಿಸುತ್ತಿದ್ದಾನೆ. ಈ ಅರಸನ ಸ್ವಭಾವ ಬಲ್ಲವರಿಗೆ ಇದೇನೂ ಆಶ್ಚರ್ಯವಲ್ಲ. ಒಳಗಿನ ಗೋಡೆಗಳಲ್ಲಿ ಅದೇ ಹೆಸರು ಉಂಗುರಗಳೊಳಗೆ ಪುಟ್ಟದಾಗಿ, ಬಿಂಬ, ಕೋಲು, ದೇವಿ ಎಂದು ಕಂಬಕಂಬಕ್ಕೂ ಬರುತ್ತದೆ. ಓದುವಾಗ ಕೊನೆಗೆ ಉಚ್ಚರಿಸಬೇಕಾದ ರಾ, ಅಲ್ಲಿಯೂ ಬಿಂಬವಾಗಿ ಎಲ್ಲಕ್ಕಿಂತ ಮೊದಲಿದ್ದಾನೆ.